ಗಡಿಯಾರದ ಯಜಮಾನರ ಹಲ್ಲು ರಿಪೇರಿ

"ಚಕ್ರದ ಹಲ್ಲು ತಿಕ್ಕಿ ತಿಕ್ಕಿ ತಲೆ ನರೆಸಿಕೊಂಡವನು ನಾನು. ನನ್ನ ಹಲ್ಲಿನ ಪಾಚಿ ತೆಗೆಯೋಕೆ ಡಾಕ್ಟರು ಬೇಕಾ?" ಎಂದು ಗಡಿಯಾರ ರಿಪೇರಿಯ ಯಜಮಾನರು ಬೆಳಗ್ಗೆಯೇ ಘೋಷಿಸಿಬಿಟ್ಟರು.

ಅವಸರಕ್ಕೆ ಕಾರಣವಿತ್ತು. ಲೈಬ್ರರಿಯಿಂದ ನಿವೃತ್ತರಾಗುತ್ತಿದ್ದ ಹೆಂಡತಿಗೆ ಅಂದು ಸಂಜೆ ಬೀಳ್ಕೊಡುಗೆ. ಗಂಡನೂ ನಾಲ್ಕು ಮಾತಾಡಬೇಕು. ಹೆಂಡತಿಯನ್ನು ಹೊಗಳುವುದೆಂದರೆ ಈ ಮಹಾನುಭಾವರಿಗೆ ಆಗದ ಕೆಲಸ. ಒಳಗೆ ಬೆಟ್ಟದಷ್ಟು ಪ್ರೀತಿ, ಹೊರಗೆ ಬರುವುದು "ಉಪ್ಪು ಕಡಿಮೆ" ಅಷ್ಟೇ! ಇವತ್ತಾದರೂ ಬಾಯಿ ಬಿಟ್ಟು ಹೇಳಬೇಕೆಂದು ಶಪಥ ಮಾಡಿದ್ದರು. ಆದರೆ ಬಾಯಿ ಬಿಟ್ಟರೆ ಮೊದಲು ಕಾಣುವುದು ಹಳದಿ ಪಾಚಿ.

"ಅದು ಗಡಿಯಾರ ಅಲ್ಲ ಕಣ್ರೀ, ಬಾಯಿ!" ಎಂದರು ಹೆಂಡತಿ.

"ನೀನು ಸುಮ್ನೆ ನೋಡ್ತಾ ಇರು!"

ಕಣ್ಣಿಗೆ ಅಂಗಡಿಯ ಭೂತಗನ್ನಡಿ ಸಿಕ್ಕಿಸಿ, ಕೈಯಲ್ಲಿ ಚಿಮುಟ ಹಿಡಿದು, ಸೇನಾಪತಿಯ ಠೀವಿಯಲ್ಲಿ ಬಚ್ಚಲಿನ ಕನ್ನಡಿಯ ಮುಂದೆ ನಿಂತರು. ಆ ಭೂತಗನ್ನಡಿಗೋ ಮೂಗಿನ ಬುಡದಲ್ಲಿರುವುದು ಮಾತ್ರ ಕಾಣುತ್ತದೆ. ಹಾಗಾಗಿ ಮೂಗನ್ನು ಕನ್ನಡಿಗೇ ಒತ್ತಬೇಕಾಯಿತು. ಒತ್ತಿದರೆ ಉಸಿರಿಗೆ ಕನ್ನಡಿಯೆಲ್ಲ ಮಂಜು! ಒರೆಸು, ಕೆರೆ. ಒರೆಸು, ಕೆರೆ. ಕೊನೆಗೆ ಮುಂದಿನ ಹಲ್ಲಿನ ಸಂದಿಯಲ್ಲಿ ಬಂಡೆಯಂಥದ್ದೊಂದು ಕಂಡಿತು. ಒಂದೇ ಮೀಟು. ಟಕ್!

"ಬಂತು ಕಣೇ! ಯಾವ ಕಾಲದ ಪಾಚಿಯೋ!"

ಹೆಂಡತಿ ಅಂಗೈಗೆ ಹಾಕಿಕೊಂಡು ನೋಡಿದರು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಇದು ಹೋದ ವರ್ಷ ಡಾಕ್ಟರು ಹಲ್ಲಿಗೆ ತುಂಬಿದ ಸಿಮೆಂಟು!"

"ಸಿಮೆಂಟಾ?" ಎನ್ನಹೋದರು ಯಜಮಾನರು. ಮಾತಿಗಿಂತ ಮೊದಲು ಸುಯ್ಯೆಂದು ಶಿಳ್ಳೆ ಹೊರಟಿತು!

ಹಲ್ಲಿನ ಡಾಕ್ಟರ ಬಳಿ ಓಡಿದರೆ ಬಾಗಿಲಿಗೆ ಬೀಗ. ಶಿಳ್ಳೆಗೆ ಹೆದರಿ ಸಂಜೆಯವರೆಗೂ ಯಜಮಾನರು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಓಡಾಡಿದರು.

"ಕಷ್ಟ ಆದ್ರೆ ಬೇಡ ಬಿಡಿ. ನೀವು ಯಾವತ್ತು ಹೇಳಿದ್ರಿ, ಇವತ್ತು ಹೇಳೋಕೆ!" ಎಂದು ಹೆಂಡತಿ ಮುಖ ಸಪ್ಪೆ ಮಾಡಿಕೊಂಡರು. ಆ ಮಾತು ಎದೆಗೆ ನಾಟಿತು. ಲೈಬ್ರರಿಯ ಓದುವ ಕೋಣೆಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ತಮ್ಮ ಸರದಿ ಬಂದಾಗ ಯಜಮಾನರು ಎದ್ದು ನಿಂತೇಬಿಟ್ಟರು.

"ಸಹೃದಯರೇ, ಸುಯ್! ನಮ್ಮ ಸಂಸಾರ, ಸುಯ್! ಸುಖವಾಗಿ, ಸುಯ್! ಸಾಗಿದ್ದು ಇವಳಿಂದ..."

ಸೂಜಿ ಬಿದ್ದರೂ ಕೇಳಿಸುವ ಆ ಓದುವ ಕೋಣೆ ಗೊಳ್ಳೆಂದಿತು. ಯಜಮಾನರು ಬಿಡಲಿಲ್ಲ. ಬೆವರೊರೆಸಿಕೊಳ್ಳುತ್ತಾ ಹೆಂಡತಿಯ ಸಹನೆ, ಸಾಹಸ, ಸೊಗಸು ಎಲ್ಲವನ್ನೂ ಶಿಳ್ಳೆ ಸಮೇತ ಹೊಗಳಿಯೇ ಕೂತರು. ಕೂತಮೇಲೆ ತಲೆ ಎತ್ತಲಿಲ್ಲ.

ಹೆಂಡತಿ ಕಣ್ಣೊರೆಸಿಕೊಂಡು ಎದ್ದರು. ಅಳುವೋ ನಗುವೋ ಗೊತ್ತಾಗಲಿಲ್ಲ.

"ಈ ಕೋಣೇಲಿ ಪಿಸುಗುಟ್ಟಿದವರನ್ನೂ ಗದರಿದವಳು ನಾನು. ಇವರನ್ನ ಮಾತ್ರ ಗದರಲ್ಲ. ಹರೆಯದಲ್ಲಿ ಒಂದು ದಿನಾನೂ ನನ್ನ ನೋಡಿ ಶಿಳ್ಳೆ ಹೊಡೆಯದ ಮನುಷ್ಯ, ನಾನು ರಿಟೈರಾಗೋ ದಿನ ಎಲ್ಲರ ಎದುರಿಗೇ ಹೊಡೆದುಬಿಟ್ರು!"