ರಾಣಿ, ಅವಳ ಮಕ್ಕಳು ಮತ್ತು ನಮ್ಮ ಮಾವ

ನಾಯಿಮರಿ ಬೆಳೆಸಿ ಕೊಡುವ ಮನೆಗೆ ಸೊಸೆಯಾಗಿ ಬಂದವಳು ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಬಾಲ ಅಲ್ಲಾಡಿಸಿಕೊಂಡು ತಾವೇ ಬರುತ್ತವೆ. ಬೆಳಗೊಳದ ನಮ್ಮ ಮನೆಯಲ್ಲಿ ಮಾವ ಲ್ಯಾಬ್ರಡಾರ್ ಸಾಕಲು ಶುರು ಮಾಡಿದ್ದು ನಾನು ಬರುವುದಕ್ಕೂ ಮುಂಚೆ. ಹಿತ್ತಲಲ್ಲಿ ಒಂದು ಕಡೆ ಎಮ್ಮೆ ಕೊಟ್ಟಿಗೆ, ಇನ್ನೊಂದು ಕಡೆ ನಾಯಿಗಳ ಶೆಡ್ಡು. ಹಾಲು ಡೇರಿಗೆ ಹೋಗುತ್ತಿತ್ತು, ಮರಿಗಳು ಊರೂರಿಗೆ ಹೋಗುತ್ತಿದ್ದವು. ಹಾಲು ಹೋದಾಗ ಯಾರೂ ಅಳುತ್ತಿರಲಿಲ್ಲ.

ಈಗ ಶೆಡ್ಡಿನಲ್ಲಿರುವುದು ಒಂದೇ ನಾಯಿ. ಮಧ್ಯಾಹ್ನ ಮನೆ ಸದ್ದಿಲ್ಲದೆ ಬಿದ್ದಿರುವಾಗ ಹೋದವರೆಲ್ಲ ಒಬ್ಬೊಬ್ಬರಾಗಿ ನೆನಪಾಗುತ್ತಾರೆ. ನಾಯಿಗಳನ್ನು 'ಒಬ್ಬೊಬ್ಬರು' ಅಂದದ್ದಕ್ಕೆ ನಗಬೇಡಿ, ನಮ್ಮ ಮನೆಯಲ್ಲಿ ಹಾಗೇ ರೂಢಿ.

೧. ಹಿರಿಸೊಸೆ

ಮದುವೆ ಮುಗಿಸಿಕೊಂಡು ನನ್ನ ತವರು ಕಿಕ್ಕೇರಿಯಿಂದ ಬಂದು ಈ ಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿ ಬೆಲ್ಲದ ಚೂರಿಟ್ಟ ಸೇರು. ಬಲಗಾಲಲ್ಲಿ ಅದನ್ನು ಉರುಳಿಸಿ ಒಳಗೆ ಹೋಗಬೇಕು. ಸೀರೆಯ ನೆರಿಗೆ ಹಿಡಿದು ಕಾಲೆತ್ತುವಷ್ಟರಲ್ಲಿ ಹಿಂದಿನಿಂದ ಹಳದಿ ಬಣ್ಣದ ದಪ್ಪನೆಯ ನಾಯಿಯೊಂದು ನುಗ್ಗಿ ಬಂತು. ಮೂತಿಯಲ್ಲಿ ಸೇರು ಉರುಳಿಸಿತು. ಬೆಲ್ಲದ ಚೂರನ್ನು ಮಾತ್ರ ಆರಿಸಿ ತಿಂದು ನಡುಮನೆಗೆ ಹೋಗಿ ಕೂತಿತು.

"ಅಪಶಕುನ ಕಣ್ರವ್ವಾ!" ಅಂದರು ಒಬ್ಬ ಅಜ್ಜಿ.

ಅತ್ತೆ ಆರತಿ ತಟ್ಟೆ ಹಿಡಿದೇ ಗದರಿಸಿದರು. "ಯಾವ ಅಪಶಕುನ? ಇವ್ಳು ಈ ಮನೆಗೆ ಬಂದು ಏಸೋ ವರ್ಸ ಆಯ್ತು. ಇರಿಯೋಳು ಮುಂದೆ ಓಗ್ಲಿ, ಕಿರಿಯೋಳು ಇಂದೆ ಬರ್ಲಿ ಬುಡು."

ಪಕ್ಕದಲ್ಲಿದ್ದ ನನ್ನ ಗಂಡ ಕಿವಿಯಲ್ಲಿ, "ರಾಣಿ ಅಂತ. ಕಚ್ಚಲ್ಲ" ಅಂದರು. ಗಂಡನ ಮನೆಯಲ್ಲಿ ಗಂಡ ಆಡಿದ ಮೊದಲ ಮಾತು ಅದು. ಸಂಜೆ ನಾನು ಅವ್ವನನ್ನು ನೆನೆಸಿಕೊಂಡು ಹಿತ್ತಲಲ್ಲಿ ಅಳುತ್ತಿದ್ದಾಗ ಬಂದು ತೊಡೆಯ ಮೇಲೆ ತಲೆಯಿಟ್ಟವಳೂ ಅವಳೇ. ಎಷ್ಟೋ ಹೊತ್ತು ಅಲ್ಲಾಡಲಿಲ್ಲ.

ಆಲ್ಬಮ್ಮಿನಲ್ಲಿ ಮನೆತುಂಬಿಸಿಕೊಂಡ ಫೋಟೋ ಇದೆ. ನಾನು ಕಣ್ಣು ಮುಚ್ಚಿದ್ದೇನೆ, ರಾಣಿ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ. ನೋಡಿದವರೆಲ್ಲ "ಎಷ್ಟು ಲಕ್ಷಣವಾಗಿದಾಳೆ" ಅನ್ನುತ್ತಾರೆ. ಯಾರು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.

೨. ಹೆಣ್ಣು ಕೇಳಲು ಬಂದವರು

ರಾಣಿಯ ಮರಿ ಬೇಕೆಂದು ಪಾಂಡವಪುರದಿಂದ ರಿಟೈರಾದ ಮೇಷ್ಟ್ರೊಬ್ಬರು ಬಂದರು. ಮರಿ ಕೊಡುವುದೇ ಮಾವನ ಕಸುಬಾದರೂ, ಕೇಳಿಕೊಂಡು ಬಂದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಚಾಪೆ ಹಾಕಿ ಕೂರಿಸಿ ವಿಚಾರಣೆ ಶುರು ಮಾಡಿದರು.

"ಮನೆ ಸ್ವಂತದ್ದಾ?"

"ಹೌದು."

"ಬಿಸ್ಲು ಬೀಳ್ತದಾ? ಮನೇಲಿ ಜೋರು ಬಾಯಿ ಯಾರ್ದು?"

"ನಮ್ಮ ಮನೆಯವರದು ಸ್ವಲ್ಪ..."

"ಬೈದ್ರೆ ಪರ್ವಾಗಿಲ್ಲ. ಕೈ ಮಾಡ್ತಾರಾ? ಮದ್ವೆ ಮುಂಜಿ ಅಂತ ಊರಿಗ್ ಓದ್ರೆ ಇದನ್ನ ಯಾರ್ ತಾವ ಬುಟ್ಟೋಗ್ತೀರಿ?"

ಮೇಷ್ಟ್ರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ನೋಡಿ ಯಜಮಾನ್ರೆ, ನನ್ನ ಮಗಳನ್ನ ಮದುವೆ ಮಾಡಿಕೊಡುವಾಗ ಹುಡುಗನ ಕಡೆಯವರನ್ನ ನಾನು ಇದರಲ್ಲಿ ಅರ್ಧ ಕೂಡ ಕೇಳಿರಲಿಲ್ಲ."

ಮಾವ ಮರಿಯನ್ನು ಎದೆಗೊತ್ತಿಕೊಂಡು ತುಂಬಾ ಮರುಕದಿಂದ ಅಂದರು: "ಕೇಳ್ಬೇಕಿತ್ತು ಕಣ್ರೀ."

೩. ನಾಗಮಂಗಲದ ಬೀಗರು

ಆ ಸೂಲಿನಲ್ಲೇ ಬೆಲ್ಲದ ಬಣ್ಣದ ಗಂಡು ಮರಿಯೊಂದಿತ್ತು. ಬೆಲ್ಲ ಅಂತಲೇ ಕರೆಯುತ್ತಿದ್ದೆವು. ನಾಗಮಂಗಲದ ಒಬ್ಬ ಅಂಗಡಿಯವರು ಅವನನ್ನು ಕರೆದುಕೊಂಡು ಹೋದ ದಿನ ಮಾವ ಮುದ್ದೆ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದರು. ರಾಣಿ ಶೆಡ್ಡಿನ ಮೂಲೆ ಮೂಲೆ ಮೂಸುತ್ತಿದ್ದಳು. ಅದನ್ನು ನೋಡಲಾರದೆ ನಾವು ಹಿತ್ತಲ ಬಾಗಿಲು ಹಾಕಿಕೊಂಡೆವು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾವ ಒಗೆದ ಪಂಚೆ ಉಟ್ಟು, "ಇಂಗೇ ಪ್ಯಾಟೆ ಕಡೆ ಓಗ್ಬತ್ತೀನಿ" ಅಂತ ಹೊರಟರು. ಬಸ್ಸು ಬದಲಾಯಿಸಿ ನಾಗಮಂಗಲ ಸೇರಿದ್ದು ನಮಗೆ ಆಮೇಲೆ ಗೊತ್ತಾಯಿತು. ಸಂಜೆ ವಾಪಸು ಬಂದವರನ್ನು ನೋಡಿ ಅತ್ತೆ ಬಾಗಿಲಲ್ಲೇ ಬೆಚ್ಚಿದರು. ಹುಟ್ಟಿದಾಗಿನಿಂದ ಪಂಚೆ ಬಿಟ್ಟು ಬೇರೇನೂ ಉಡದ ಮನುಷ್ಯ ಯಾರದೋ ಪ್ಯಾಂಟು ತೊಟ್ಟು, ಅದರ ಕಾಲು ಮಡಿಸಿಕೊಂಡು ನಿಂತಿದ್ದರು.

"ಬೆಲ್ಲನ್ನ ನೋಡ್ಕಂಡ್ ಬಂದೆ" ಅಂದರು. "ನನ್ನ ಗುರ್ತೇ ಸಿಕ್ನಿಲ್ಲ ಅವನ್ಗೆ. ಗೇಟ್ ತಗುದ್ರೆ ಮೈಮೇಲೇ ಬಿದ್ದ. ಒಳ್ಳೇದಾಯ್ತು ಬುಡು. ಅದೇ ತನ್ ಮನೆ ಅಂತ ಅಂದ್ಕಂಡವ್ನೆ. ನಾವೂ ಅದೇ ತಾನೆ ಬಯ್ಸಿದ್ದು?"

ಹೇಳುತ್ತಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಕೇಳಿದರು.

"ಅದ್ ಸರಿ, ಪಂಚೆ ಎಲ್ಲಿ?"

"ಅದ್ನ ಬೆಲ್ಲ ಕೊಡ್ನಿಲ್ಲ."

೪. ಜೀವರಕ್ಷಕ

ರಾಣಿಯ ಇನ್ನೊಬ್ಬ ಮಗ ಟೈಗರ್ ನಮ್ಮಲ್ಲೇ ಉಳಿದ. ಹೆಸರು ಟೈಗರ್, ಹಲ್ಲಿಗೆ ಹೆದರುತ್ತಿದ್ದ. ನೀರು ಕಂಡರೆ ಮಾತ್ರ ಎಲ್ಲಿಲ್ಲದ ಧೈರ್ಯ. ಒಂದು ಬೇಸಿಗೆಯಲ್ಲಿ ನನ್ನ ತಮ್ಮ ಕಿಕ್ಕೇರಿಯಿಂದ ಬಂದವನು ನಾಲೆಯಲ್ಲಿ ಈಜಲು ಹೋದ. ನಾವು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆವು, ಊರಿನ ಇನ್ನಷ್ಟು ಹೆಂಗಸರೂ ಇದ್ದರು. ತಮ್ಮ ನಾಲ್ಕು ಸಲ ಕೈ ಬೀಸಿದ್ದೇ ತಡ, ಇವನು ಮುಳುಗುತ್ತಿದ್ದಾನೆ ಅಂದುಕೊಂಡ ಟೈಗರ್ ಧುಮುಕಿ, ಚಡ್ಡಿ ಕಚ್ಚಿ ದಡದ ಕಡೆ ಎಳೆಯತೊಡಗಿದ. ತಮ್ಮನಿಗೋ, ಚಡ್ಡಿ ಹಿಡಿದುಕೊಂಡರೆ ಈಜಲಾಗದು, ಈಜಿದರೆ ಚಡ್ಡಿ ಉಳಿಯದು.

"ಅಕ್ಕಾ, ನಂಗೆ ಈಜು ಬತ್ತದೆ ಅಂತ ಅದ್ಕೆ ಯೋಳಕ್ಕಾ!" ಅಂತ ಕೂಗಿಕೊಂಡ.

ಅತ್ತೆ ಬಟ್ಟೆ ಕುಸುಬುವುದನ್ನು ನಿಲ್ಲಿಸದೆ ಅಂದರು: "ಅದ್ನ ನಾವ್ ಯೋಳುದ್ರೆ ಆಗಲ್ಲ ಕಣಪ್ಪಾ, ನೀನ್ ಈಜೋದ್ ನೋಡುದ್ರೆ ಗೊತ್ತಾಗ್ಬೇಕು."

೫. ಒಂದೇ ನಾಯಿ

ಈಗ ಇರುವವಳ ಹೆಸರು ಚಿನ್ನಿ, ರಾಣಿಯ ಮೊಮ್ಮಗಳು. ಆದರೆ ಮಾವನ ನಾಲಿಗೆಗೆ ಆ ಹೆಸರು ಮೊದಲು ಸಿಗುವುದಿಲ್ಲ. ಬಾಗಿಲಲ್ಲಿ ನಿಂತು "ರಾಣೀ... ಟೈಗರ್... ಗೌರೀ..." ಅಂತ ಹೋದವರನ್ನೆಲ್ಲ ಕರೆದು ಕೊನೆಗೆ ಚಿನ್ನಿಗೆ ಬರುತ್ತಾರೆ. ಕರೆಯುತ್ತಾ ಅವರ ದನಿ ಇಳಿಯುವುದು ನನಗೆ ಅಡುಗೆಮನೆಗೆ ಕೇಳಿಸುತ್ತದೆ. ಚಿನ್ನಿ ಮೊದಲ ಹೆಸರಿಗೇ ಎದ್ದು ಬಂದು ಅವರ ಕಾಲ ಹತ್ತಿರ ನಿಂತಿರುತ್ತಾಳೆ.

ಮೊನ್ನೆ ಅವಳನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಸಬರು. "ಹೆಸರೇನು?" ಅಂದರು.

ಮಾವ "ರಾಣಿ" ಅಂದರು. ಅತ್ತೆ "ಗೌರಿ" ಅಂದರು. ನಾನು "ಚಿನ್ನಿ" ಅಂದೆ.

ಡಾಕ್ಟರು ಹೊರಗೆ ಇಣುಕಿ ಹೇಳಿದರು: "ಮಿಕ್ಕ ಎರಡನ್ನೂ ಆಟೋದಿಂದ ಇಳಿಸಿ, ಒಟ್ಟಿಗೇ ನೋಡಿಬಿಡ್ತೀನಿ."

೬. ಗೌರಿ ಹೋದ ದಿನ

ಗೌರಿ ಅಂದರೆ ಚಿನ್ನಿಯ ತಾಯಿ. ಗೌರಿಹಬ್ಬದ ದಿನ ಹುಟ್ಟಿದ್ದಕ್ಕೆ ಆ ಹೆಸರು. ನಮ್ಮ ಅತ್ತೆಯ ಹೆಸರೂ ಗೌರಮ್ಮ. ಮಾವ ಇಬ್ಬರನ್ನೂ ಗೌರಿ ಅಂತಲೇ ಕರೆಯುತ್ತಿದ್ದರು, ದನಿಯಿಂದ ಯಾರನ್ನು ಅಂತ ನಾವು ತಿಳಿದುಕೊಳ್ಳುತ್ತಿದ್ದೆವು. ಮೆತ್ತಗೆ ಕರೆದರೆ ನಾಯಿಯನ್ನು.

ಗೌರಿಗೆ ವಯಸ್ಸಾಗಿತ್ತು. ಒಂದು ಬೆಳಿಗ್ಗೆ ಮಾವನ ಕೈ ನೆಕ್ಕಿ, ತಲೆ ಇಳಿಸಿದವಳು ಮತ್ತೆ ಎತ್ತಲಿಲ್ಲ. ಮಾವ ಅಳುತ್ತಲೇ, ಅವಳ ಮರಿಗಳನ್ನು ತೆಗೆದುಕೊಂಡು ಹೋಗಿದ್ದವರಿಗೆಲ್ಲ ಫೋನು ಮಾಡಿದರು. "ಗೌರಿ ಓಗ್ಬುಟ್ಲು" ಅನ್ನುವುದು, ಇಟ್ಟುಬಿಡುವುದು.

ಹೀಗೆ ಫೋನು ಹೋದವರಲ್ಲಿ ಅತ್ತೆಯ ಅಕ್ಕನ ಮಗನೂ ಒಬ್ಬ. ಕೆ.ಆರ್. ಪೇಟೆಯಲ್ಲಿದ್ದ. ಅವನು ಬರುವ ಹೊತ್ತಿಗೆ ಮನೆ ಮುಂದೆ ಕಾರು, ಬೈಕು, ಕುರ್ಚಿ, ತಲೆ ತಗ್ಗಿಸಿ ಕೂತ ಜನ. ಕೈಯಲ್ಲಿ ದೊಡ್ಡ ಸೇವಂತಿಗೆ ಹಾರ ಹಿಡಿದು ಓಡಿ ಬಂದವನೇ ಮಾವನನ್ನು ತಬ್ಬಿಕೊಂಡು ಗೋಳೋ ಅಂತ ಅತ್ತ.

"ಚಿಕ್ಕಪ್ಪಾ, ಎಂಗಾಯ್ತು?"

"ಬೆಳಿಗ್ಗೆ ನನ್ ಕೈ ನೆಕ್ದ್ಲು ಕಣ್ಲಾ. ಅಷ್ಟೇ."

ಅವನ ಅಳು ಒಂದು ಕ್ಷಣ ತಡೆಯಿತು. ದುಃಖದಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡಿರಬೇಕು. "ಎಲ್ ಮಲಗ್ಸಿದ್ದೀರಿ?"

"ಶೆಡ್ಡಲ್ಲಿ."

"ಚಿಕ್ಕವ್ವನ್ನ ಶೆಡ್ಡಲ್ಲಿ ಮಲಗ್ಸಿದ್ದೀರಾ?"

ಅಷ್ಟರಲ್ಲಿ ಅತ್ತೆ, ಅತ್ತು ಕೆಂಪಾದ ಕಣ್ಣು ಒರೆಸಿಕೊಂಡು, ಬಂದವರಿಗೆ ಕಾಫಿ ಹಿಡಿದು ಬಾಗಿಲಿಗೆ ಬಂದರು. ಅವನು ಅವರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಹಾರ ಬೆನ್ನ ಹಿಂದೆ ಮುಚ್ಚಿಕೊಳ್ಳಲು ನೋಡಿದ, ಮುಚ್ಚುವಷ್ಟು ಸಣ್ಣ ಹಾರವಲ್ಲ ಅದು.

"ಯಾರಿಗ್ಲಾ ಹಾರ?" ಅಂದರು ಅತ್ತೆ.

"ನಿಮ್ಗೇ ಚಿಕ್ಕವ್ವಾ" ಅಂದುಬಿಟ್ಟ ಪಾಪ.

ಬೆಳಿಗ್ಗೆಯಿಂದ ಅತ್ತು ಕೂತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅತ್ತೆ ಕಾಫಿ ತಟ್ಟೆ ನನ್ನ ಕೈಗೆ ಕೊಟ್ಟು, ಹಾರ ಇಸಿದುಕೊಂಡು, ಹೂವು ತಾಜಾ ಇದೆಯಾ ಅಂತ ಮುಟ್ಟಿ ನೋಡಿದರು. ಆಮೇಲೆ ಶೆಡ್ಡಿನ ಕಡೆ ನಡೆಯುತ್ತಾ ಹೇಳಿದರು:

"ಇದು ಅವ್ಳಿಗಾಯ್ತು. ನಂಗೆ ತರೋವಾಗ ಮಲ್ಲಿಗೇದು ತಗಂಬಾ, ಸೇವಂತಿಗೆ ನಂಗ್ ಸೇರಲ್ಲ."