ಬಚ್ಚಲೊಲೆಯ ಮೇಲೆ ಗಿಟಾರು

ತೀರ್ಥೇಶನ ಗಿಟಾರಿಗೆ ಬೂಷ್ಟು ಹಿಡಿದಿತ್ತು. ಸಾಗರದ ಜುಲೈ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮಾರ್ಕ್ಸ್ ಕಾರ್ಡಿಗೆ, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಒರೆಸಿಕೊಂಡು ಸುಮ್ಮನಾಗಬೇಕು. ಆದರೆ ತೀರ್ಥೇಶ ಕಲಾವಿದ. ಹಾಗಂತ ಹೇಳುತ್ತಿದ್ದವನು ಅವನೊಬ್ಬನೇ, ಅದು ಬೇರೆ ಮಾತು.

ಹೊಸನಗರದ ಕಡೆಯಿಂದ ಬಿಕಾಂ ಓದೋಕೆ ಬಂದು, ನಾಲ್ಕು ತಿಂಗಳು ಮಧ್ಯಾಹ್ನದ ಊಟ ಬಿಟ್ಟು, ಯಾರೋ ಅಟ್ಟಕ್ಕೆ ಎಸೆದಿದ್ದ ಗಿಟಾರು ಕೊಂಡಿದ್ದ. ಮೇಷ್ಟರಿಗೆ ಫೀಸು ಎಲ್ಲಿಂದ ತರೋದು? ಮೊಬೈಲೇ ಗುರು. ಡೇಟಾ ಇದ್ದ ದಿನ ಕರೆಂಟ್ ಇರುತ್ತಿರಲಿಲ್ಲ, ಕರೆಂಟ್ ಇದ್ದ ದಿನ ಡೇಟಾ ಇರುತ್ತಿರಲಿಲ್ಲ. ಹೀಗೆ ಕಷ್ಟಪಟ್ಟು ಮಹಾಶಯ ಕಲಿತದ್ದು ಒಂದೂವರೆ ಹಾಡು.

ಅವತ್ತು ಮಧ್ಯಾಹ್ನ ಮೂರಕ್ಕೆ ಕಾಲೇಜ್ ಡೇಗೆ ಆಯ್ಕೆ. ಕ್ಲಾಸಿನ ಕವನಾ ಹಾಡುತ್ತಾಳೆ, ಜೊತೆಗೆ ಗಿಟಾರಿಗೆ ಒಬ್ಬ ಬೇಕು ಅಂತ ನೋಟಿಸ್ ಹಾಕಿದ್ದರು. ಆ ಒಬ್ಬ ತಾನಾಗಬೇಕು. ಅಷ್ಟಾದರೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೂ ಬೇಜಾರಿಲ್ಲ ಅನ್ನುವ ಮಟ್ಟಕ್ಕೆ ಅವನ ತಲೆ ಕೆಟ್ಟಿತ್ತು.

ಬೆಳಿಗ್ಗೆ ಗಿಟಾರು ಉಜ್ಜುತ್ತ ಕೂತವನನ್ನು ರೂಮಿನ ಓನರ್ ಜಲಜಮ್ಮ ನೋಡಿದರು.

"ಎಂಥ ಉಜ್ತೀಯಾ ಮಾರಾಯ? ಬಚ್ಚಲೊಲೆ ಮೇಲೆ ನೇತಾಕು. ನಮ್ಮನೇಲಿ ಕಂಬಳಿ, ಛತ್ರಿ, ನಮ್ಮವರ ಶೂ, ಎಲ್ಲಾ ಒಣಗೋದು ಅಲ್ಲೇ. ನಿಂದೇನು ಬಂಗಾರದ್ದಾ?"

ಬುದ್ಧಿ ಇದ್ದವನು ಒಂದು ಗಳಿಗೆ ಯೋಚಿಸುತ್ತಿದ್ದ. ಇವನು ಹಗ್ಗ ಕೇಳಿದ.

ಅರ್ಧ ಗಂಟೆ ಅಂತ ಕಟ್ಟಿ ಹಲ್ಲುಜ್ಜೋಕೆ ಹೋದ. ಜಲಜಮ್ಮ ಬಹಳ ಒಳ್ಳೆಯವರು. ಪಾಪ, ಬೇಗ ಒಣಗಲಿ ಅಂತ ಒಲೆಗೆ ಇನ್ನೆರಡು ದಪ್ಪ ಸೌದೆ ಕುಂಟೆ ನೂಕಿದರು. ಸ್ವಲ್ಪ ಹೊತ್ತಿಗೆ ಠಪ್ ಅಂತು. ಓಡಿಬಂದು ನೋಡಿದರೆ, ತಂತಿಗಳ ಬುಡ ಹಿಡಿದಿದ್ದ ಮರದ ಪಟ್ಟಿ ಅಂಟು ಬಿಟ್ಟು ಕಿತ್ತುಬಂದು ತಂತಿಗಳ ತುದಿಯಲ್ಲಿ ಜೋತಾಡುತ್ತಿತ್ತು.

"ಅಯ್ಯೋ ಅಮ್ಮಾ, ಮೂರು ಗಂಟೆಗೆ ನುಡಿಸ್ಬೇಕು ನಾನು!"

"ಅದಕ್ಕೆ ಅಳ್ತಾರಾ? ಹಲಸಿನ ಮೇಣ ಹಚ್ಚು. ಒಂದ್ಸಲ ಹಿಡೀತು ಅಂದ್ರೆ ಬಿಡೋ ಮಾತೇ ಇಲ್ಲ."

ಮೇಣ ಹಿಡಿಯಿತು. ಗಿಟಾರನ್ನಲ್ಲ, ತೀರ್ಥೇಶನನ್ನು. ಬೆರಳಿಗೆ ಬೆರಳು ಅಂಟಿತು, ಅಂಗಿ ತೋಳು ಗಿಟಾರಿನ ಹೊಟ್ಟೆಗೆ ಅಂಟಿತು, ಪಟ್ಟಿ ಮಾತ್ರ ಯಾವುದಕ್ಕೂ ಅಂಟಲಿಲ್ಲ. ಮೇಣ ಬಿಡಿಸೋಕೆ ಕೊಬ್ಬರಿ ಎಣ್ಣೆಯೇ ಗತಿ. ಜಲಜಮ್ಮ ಅವನ ಕೈಗೂ ಸುರಿದರು, ಗಿಟಾರಿಗೂ ಧಾರಾಳವಾಗಿ ಸುರಿದರು. ಆಮೇಲೆ ಇವನು ಪೇಟೆಗೆ ಓಡಿ ತಂದ ಒಳ್ಳೇ ಗೋಂದು, ಎಣ್ಣೆ ಕುಡಿದ ಮರದ ಮೇಲೆ ನಿಲ್ಲದೆ ಜಾರಿಹೋಯಿತು. ಗಂಟೆ ಹನ್ನೆರಡಾಯಿತು.

ಆಗ ಗಲಾಟೆ ಕೇಳಿ ಪಕ್ಕದ ಮನೆಯ ಮಂಜುನಾಥಪ್ಪ ಬಂದರು. ಲಿಂಗನಮಕ್ಕಿ ಡ್ಯಾಮಿನಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದು ರಿಟೈರ್ ಆದವರು. ಆಮೇಲೆ ಬಿಗಿ ಮಾಡೋಕೆ ಏನೂ ಸಿಗದೆ ಬೀದಿಯ ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಎರಡು ಮನೆಗೆ ನೀರು ನಿಲ್ಲಿಸಿದ್ದರು.

"ಗೋಂದು ಹಚ್ಚಿ ಡ್ಯಾಮ್ ನಿಲ್ಸೋಕಾಗ್ತದೇನೋ? ಬೋಲ್ಟ್ ಹಾಕ್ಬೇಕು ಇದಕ್ಕೆ."

"ಸಾರ್, ಇದು ತೆಳು ಹಲಗೆ..."

"ನೀ ಸುಮ್ನಿರು. ಡ್ಯಾಮ್ ಗೇಟು ಬಿಗಿ ಮಾಡಿದ ಕೈ ಇದು. ಇವತ್ತಿನವರೆಗೆ ಒಂದು ಹನಿ ಲೀಕ್ ಆಗಿಲ್ಲ."

ಗಿಟಾರಿನಿಂದ ನೀರು ಸೋರುತ್ತದೆ ಅಂತ ಯಾರೂ ದೂರು ಕೊಟ್ಟಿರಲಿಲ್ಲ. ಆದರೆ ಡ್ರಿಲ್ ಹಿಡಿದು ನಿಂತವರಿಗೆ ಬುದ್ಧಿ ಹೇಳೋರು ಯಾರು? ಕಿರುಬೆರಳು ದಪ್ಪದ ನಾಲ್ಕು ಬೋಲ್ಟು ಹೊಟ್ಟೆಯೊಳಗಿಂದ ಹಾದುಬಂದವು. ಮೂರನೆಯದಕ್ಕೆ ಹಲಗೆ ಚರ್ ಅಂತ ಸೀಳಿತು. ಅದಕ್ಕೆ ಹಳೇ ಬಾಗಿಲಿನ ಕಬ್ಬಿಣದ ಪಟ್ಟಿ ಬಂತು, ಆ ಪಟ್ಟಿಗೆ ಇನ್ನೆರಡು ಬೋಲ್ಟು. ಕೆಲಸ ಮುಗಿದ ಮೇಲೆ ಮಂಜುನಾಥಪ್ಪ ಇಡೀ ಗಿಟಾರನ್ನು ತಂತಿ ಹಿಡಿದೇ ಎತ್ತಿ ತೋರಿಸಿದರು.

"ಹ್ಞಾಂ, ಈಗ ಗಟ್ಟಿಯಾಯ್ತು ನೋಡು," ಅಂದರು ಜಲಜಮ್ಮ.

ತೀರ್ಥೇಶ ಮೀಟಿ ನೋಡಿದ. ಪಾತ್ರೆ ಗೂಡಿಗೆ ಬೆಕ್ಕು ನುಗ್ಗಿದಂಥ ಸದ್ದು ಬಂತು. "ಪರ್ವಾಗಿಲ್ಲ," ಅಂದ. ಮೊದಲು ಹೇಗೆ ಕೇಳುತ್ತಿತ್ತೋ ಅವನಿಗಾದರೂ ಎಲ್ಲಿ ಗೊತ್ತಿತ್ತು!

ಎರಡೂವರೆಗೆ ಗಿಟಾರಿಗೆ ಛತ್ರಿ ಹಿಡಿದು, ತಾನು ಮಳೆಯಲ್ಲಿ ನೆನೆದು ತೊಪ್ಪೆಯಾಗಿ, ಮೈಯೆಲ್ಲ ಹೊಗೆ, ಹಲಸು, ಕೊಬ್ಬರಿ ಎಣ್ಣೆ ಘಮಘಮಿಸುತ್ತ ಕಾಲೇಜಿಗೆ ಓಡಿದ. ಸಭಾಂಗಣದಲ್ಲಿ ಕವನಾ ಒಬ್ಬಳೇ ಹಾಳೆ ಹಿಡಿದು ಕೂತಿದ್ದಳು. ಬೇರೆ ಒಬ್ಬ ನರಪಿಳ್ಳೆಯೂ ಗಿಟಾರ್ ತಂದಿರಲಿಲ್ಲ. ತೀರ್ಥೇಶ ಗಿಟಾರನ್ನು ಮುಂದೆ ಚಾಚಿದ.

"ನುಡಿಸ್ಲಾ?"

"ಬೇಡ ಬೇಡ, ನೀನೇ ಸೆಲೆಕ್ಟ್!" ಅಂದಳು ಕವನಾ. ಗಿಟಾರನ್ನು ತಿರುಗಿಸಿ ನೋಡಿದಳು. "ವಾವ್, ಏನು ಲುಕ್ಕು! ಈ ಹೊಗೆ ಬಣ್ಣ, ಈ ಬೋಲ್ಟೆಲ್ಲ ನೀನೇ ಡಿಸೈನ್ ಮಾಡ್ಸಿದ್ದಾ?"

"ಹೂಂ," ಅಂದ ಪುಣ್ಯಾತ್ಮ, ನಾಚಿಕೆ ಇಲ್ಲದೆ. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಒಂದೇ ಒಂದು ಕೆಲ್ಸ ಮಾಡು. ತಂತಿ ಎಲ್ಲಾ ಬಿಚ್ಚಿಟ್ಟು ಬಾ."

"ತಂತೀನಾ?"

"ಮ್ಯೂಸಿಕ್ ಪೂರ್ತಿ ಪೆನ್‌ಡ್ರೈವಲ್ಲಿದೆ ಕಣೋ. ನೀನು ಪಕ್ಕದಲ್ಲಿ ಹಿಡ್ಕೊಂಡು ತಲೆ ಆಡ್ಸಿದ್ರೆ ಸಾಕು, ಫೋಟೋ ಚೆನ್ನಾಗಿ ಬರ್ತದೆ. ಹೋದ ವರ್ಷ ಕೀಬೋರ್ಡ್ ಹಿಂದೆ ಸುಮ್ನೆ ನಿಲ್ಲು ಅಂದ್ರೆ, ಸತೀಶ್ ಅಂತ ಒಬ್ಬ ಹುರುಪು ಬಂದು ನಿಜವಾಗ್ಲೂ ನುಡಿಸ್ಬಿಟ್ಟ. ಎಲ್ಲರೆದುರು ನಮ್ಮ ಮಾನ ಹೋಯ್ತು."

"ಕವನಾ, ನಂಗೆ ನಿಜವಾಗ್ಲೂ ನುಡಿಸೋಕೆ ಬರ್ತದೆ."

"ಅದಕ್ಕೇ ಬಿಚ್ಚು ಅಂತಿರೋದು."

ತೀರ್ಥೇಶನಿಗೆ ನಾಲ್ಕು ತಿಂಗಳ ಊಟ, ಅಂಟಿದ ಬೆರಳು, ಆರು ಬೋಲ್ಟು, ಎಲ್ಲಾ ನೆನಪಾಯಿತು. ಮಾನ ಮರ್ಯಾದೆ ಇದ್ದ ಬೇರೆ ಯಾರೇ ಆಗಿದ್ದರೂ ಗಿಟಾರು ಹೆಗಲಿಗೇರಿಸಿ, ಹಿಂದೆ ತಿರುಗಿ ನೋಡದೆ ಹೊರಟುಹೋಗುತ್ತಿದ್ದರು.

ನಮ್ಮ ಕಲಾವಿದ ಒಂದು ಬೋಲ್ಟನ್ನು ಸವರಿದ, ಮೆಲ್ಲಗೆ ಕೇಳಿದ: "ಯಾವ ಬಣ್ಣದ ಶರ್ಟ್ ಹಾಕ್ಕೊಂಡು ಬರ್ಲಿ?"