ಬಿಸ್ಕೀಟು ಬಣ್ಣ ಮತ್ತು ನನ್ನ ಮಾವಶಿ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಆರಕ್ಕೆ ಎದ್ದು, ಚಹಾಕ್ಕೆ ಶುಂಠಿ ಜಜ್ಜಿ, ಯಜಮಾನರ ಕನ್ನಡಕ ಹುಡುಕಿಕೊಟ್ಟು (ಅದು ಫ್ರಿಜ್ಜಿನ ಮೇಲಿತ್ತು, ದಿನವೂ ಅಲ್ಲೇ ಇರುತ್ತದೆ), ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದೆ. ಅಂಕೋಲೆಯ ಮೊದಲ ಬಸ್ಸಿಗೆ ಕಾರವಾರದ ಪಕ್ಕದ ನಮ್ಮ ಶಿರವಾಡದಲ್ಲಿ ಮಾವಶಿ ಬಂದಿಳಿದಳು. ಮಾವಶಿ ಎಂದರೆ ನನ್ನ ಅಮ್ಮನ ತಂಗಿ. ಕಾರವಾರದಿಂದ ಅಂಕೋಲೆಯವರೆಗೆ ಅವಳಿಗೆ ಹೆದರದ ಸೀರೆ ಅಂಗಡಿ ಒಂದಿದ್ದರೆ ಹೇಳಿ, ನಾನು ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ!

ಗೇಟಿನ ಹೊರಗೇ ನಿಂತು ನನ್ನನ್ನೊಮ್ಮೆ, ನನ್ನ ಹಿಂದಿನ ಕಂಪೌಂಡ್ ಗೋಡೆಯನ್ನೊಮ್ಮೆ ನೋಡಿದಳು.

"ನೀ ಎಲ್ಲಿ ಮುಗೀತೆ, ಗೋಡೆ ಎಲ್ಲಿ ಶುರು ಆಗ್ತದೆ ಅಂತ ಒಂದು ಗೆರೆ ಎಳ್ದಿಡೇ ಮಾರಾಯ್ತಿ!"

ನನ್ನ ನೈಟಿ ನೋಡಿಕೊಂಡೆ. ಬಿಸ್ಕೀಟು ಬಣ್ಣ. ಗೋಡೆಯೂ ಬಿಸ್ಕೀಟು ಬಣ್ಣ. ಅಂದು ಹನ್ನೊಂದಕ್ಕೆ ಅಂಕೋಲೆಯಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ಅದಕ್ಕೆಂದು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟ ರೇಷ್ಮೆ ಸೀರೆ ಯಾವ ಬಣ್ಣದ್ದೆಂದು ಬೇರೆ ಹೇಳಬೇಕೆ?

ನಾನು ಕಪ್ಪು. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ 'ಡಸ್ಕಿ' ಎಂದು ಹೇಳಿಕೊಳ್ಳಬಲ್ಲೆ, ಆದರೆ ಅದರಿಂದ ಮೈ ಏನೂ ಬೆಳ್ಳಗಾಗಲಿಲ್ಲ. "ಕಪ್ಪು ಹುಡುಗಿಗೆ ತಿಳಿ ಬಣ್ಣವೇ ಚಂದ" ಎನ್ನುವುದು ಅಮ್ಮನ ಕಾನೂನು. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು, ಕಾನೂನು ಮಾತ್ರ ಜಾರಿಯಲ್ಲೇ ಇದೆ. ನಾದಿನಿಯಂತೂ ತನ್ನ ಮದುವೆಯ ದಿನವೇ "ವೈನೀ, ನೀವು ಲೈಟ್ ಕಲರೇ ಉಡಿ, ಫೋಟೊಕ್ಕೆ ಒಳ್ಳೇದು" ಎಂದು ಹೇಳಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದ್ದಳು. ಐದಡಿಯೂ ಇಲ್ಲದ ನಾನು ಕುಟುಂಬದ ಯಾವ ಫೋಟೊದಲ್ಲಿ ನೋಡಿದರೂ ಯಾರದೋ ಹೆಗಲ ಮೇಲಿನ ಒಂದು ಹಣೆ!

ಮಾವಶಿಗೆ ಇಂಥ ಕಾನೂನು ಕಂಡರಾಗದು. ಅಂಕೋಲೆಯ ತನ್ನ ಮನೆಯ ಜಗಲಿಯಲ್ಲಿ ಮೂವತ್ತು ವರ್ಷ ಸೀರೆಗಳಿಗೆ ಫಾಲ್ಸ್-ಪಿಕೊ ಹೊಲಿದವಳು ಅವಳು. ನೂಲನ್ನು ಸೀರೆಗೆ ಹೊಂದಿಸುವುದು ಬಿಸಿಲಿನಲ್ಲೇ ಆಗಬೇಕು, ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ ಎಂಬುದು ಅವಳ ಧರ್ಮ. ಒಮ್ಮೆ ಕಾರವಾರದ ಅಂಗಡಿಯೊಂದರಿಂದ ಆರು ಸೀರೆ ಹೊತ್ತು ನಡುರಸ್ತೆಗೆ ಬಂದು ಒಂದೊಂದನ್ನೇ ನನ್ನ ಗಲ್ಲದ ಕೆಳಗೆ ಹಿಡಿದಳು. ರಿಕ್ಷಾಗಳು ನಿಂತವು. ಮೀನು ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು, "ಆ ಹಸ್ರು ಬ್ಯಾಡ ಬಾಯಿ, ನಿನ್ನೆ ಮೀನಿನ ಹಾಂಗೆ ಕಾಣ್ತದೆ" ಎಂದು ತೀರ್ಪು ಕೊಟ್ಟಳು. ಮಾಲೀಕರು ಓಡಿಬಂದರು.

"ಅಮ್ಮಾ, ಸೀರೆ ಹೊರಗೆ ಒಯ್ಯೂ ಹಾಂಗಿಲ್ಲ!"

"ಹಾಂಗಾರೆ ಸೂರ್ಯನ್ನ ಒಳಗೆ ಕರ್ಕಂಡು ಬಾ."

ಉಡಿ ತುಂಬುವಾಗ ಕೊಡುವ ರವಿಕೆ ಕಣದ ಕತೆ ನಿಮಗೆ ಗೊತ್ತಿದ್ದದ್ದೇ. ಅದನ್ನು ಯಾರೂ ಹೊಲಿಸುವುದಿಲ್ಲ. ಈ ಮನೆಯಲ್ಲಿ ಕೊಟ್ಟದ್ದನ್ನು ಆ ಮನೆಗೆ ದಾಟಿಸುವುದು, ಅವರು ಇನ್ನೊಂದು ಮನೆಗೆ. ಮಾವಶಿ ಒಮ್ಮೆ ತನಗೆ ಬಂದ ಪಿಸ್ತಾ ಬಣ್ಣದ ಕಣದ ಮೂಲೆಯಲ್ಲಿ ಕೆಂಪು ನೂಲಿನ ಸಣ್ಣ ಗಂಟು ಹಾಕಿ ದಾಟಿಸಿದಳು. ಎರಡು ವರ್ಷದ ನಂತರ ಮಂಜಗುಣಿಯ ಸಂಬಂಧಿಕರ ಮನೆಯಲ್ಲಿ ತೆಂಗಿನಕಾಯಿಯ ಜೊತೆ ಅದೇ ಕಣ, ಅದೇ ಗಂಟು, ವಾಪಸು ಅವಳ ಉಡಿಗೇ ಬಂತು! ಉಳಿದವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವಳು ತುಂಬಿದ ಸಭೆಯಲ್ಲಿ ಅದನ್ನು ಎತ್ತಿ ಹಿಡಿದು, "ನನ್ನ ಗಂಡ ಲಾರಿ ಓಡ್ಸಿಯೂ ಇಷ್ಟು ಊರು ತಿರುಗಲಿಲ್ಲ. ಇದು ಯಾರ ಮುಖಕ್ಕೂ ಒಪ್ಪುದಿಲ್ಲ, ನೆಲ ಒರ್ಸೂಕೆ ಇಟ್ಕಣಿ" ಎಂದುಬಿಟ್ಟಳು.

ಅವಳ ಕಪಾಟು ಮಾತ್ರ ನನ್ನ ಕಪಾಟಿನ ಅರ್ಧವೂ ಇಲ್ಲ. "ನಾಲ್ಕು ಸೀರೆ, ಒಂಬತ್ತು ರವಿಕೆ. ಯಾವುದಕ್ಕೆ ಯಾವುದು ಹಾಕಿದ್ರೂ ಕೂಡ್ತದೆ. ಮೂವತ್ತಾರು ನಮೂನೆ ಆಯ್ತು, ಇನ್ನೆಂತ ಬೇಕು?" ನಾನು ಕಂಡದ್ದು ಮೂರೇ ಸೀರೆ. ನನ್ನ ಲೆಕ್ಕಕ್ಕೆ ಇಪ್ಪತ್ತೇಳೇ ಬರುತ್ತಿತ್ತು. ಪಾಪ, ಲೆಕ್ಕದಲ್ಲಿ ಹಿಂದೆ ಎಂದುಕೊಂಡಿದ್ದೆ.

ಒಂಬತ್ತರಲ್ಲಿ ಒಂದು ಕಪ್ಪು ರವಿಕೆ. ಅದನ್ನವಳು ಮದುವೆಗೂ ತೊಟ್ಟುಕೊಂಡು ಹೋಗುವವಳು! "ಶುಭ ಕಾರ್ಯಕ್ಕೆ ಕಪ್ಪೇನೇ?" ಎಂದು ಹಿರಿಯ ಹೆಂಗಸೊಬ್ಬರು ಕೇಳಿಯೇ ಬಿಟ್ಟರು. ಮಾವಶಿ ತಣ್ಣಗೆ, "ನಿನ್ನ ಕುತ್ತಿಗೆಲಿದ್ದ ಕರಿಮಣಿ ಎಂತ ಗುಲಾಬಿಯಾ?" ಎಂದಳು. ಅರ್ಧ ಮಂಟಪದ ಹೆಂಗಸರ ಕೈ ಕುತ್ತಿಗೆಗೆ ಹೋಯಿತು.

ಇಂಥವಳು ಆ ಬೆಳಿಗ್ಗೆ ನನ್ನ ಮಂಚದ ಮೇಲಿನ ಬಿಸ್ಕೀಟು ಸೀರೆಯನ್ನು ಸರಿಸಿ, ತನ್ನ ಚೀಲದಿಂದ ಒಂದು ಗಂಟು ಬಿಚ್ಚಿದಳು. ಮುರುಗಲು ಹಣ್ಣಿನ ಬಣ್ಣದ ಸೀರೆ. ಬೇಸಿಗೆಯಲ್ಲಿ ಅಂಗಳದಲ್ಲಿ ಒಣಹಾಕಿದ ಸಿಪ್ಪೆಯ ಆ ಕೆಂಪು-ನೇರಳೆಯೇ. ಜೊತೆಗೊಂದು ರವಿಕೆ, ನನ್ನದೇ ಅಳತೆಗೆ ಹೊಲಿದದ್ದು! ಚೌತಿಗೆ ಅವಳು ಬಂದುಹೋದ ಮೇಲೆ ನನ್ನ ರವಿಕೆಯೊಂದು ಕಾಣೆಯಾಗಿ, ಗಾಳಿಗೆ ಹಾರಿತೆಂದು ಪಕ್ಕದ ಮನೆಯ ಹಿತ್ತಿಲನ್ನೆಲ್ಲ ಜಾಲಾಡಿದ್ದೆನಲ್ಲ!

"ನನಗೆ ಐವತ್ತೆರಡು, ಮಾವಶಿ. ಈಗ ಇದೆಲ್ಲ ಯಾಕೆ?"

"ನಾ ವಯಸ್ಸು ಕೇಳ್ಲಿಲ್ಲ. ಕಿಟಕಿ ಹತ್ರ ಬಾ."

ಕಿಟಕಿಯ ಬೆಳಕಿನಲ್ಲಿ ಸೆರಗನ್ನು ನನ್ನ ಗಲ್ಲದ ಕೆಳಗೆ ಹಿಡಿದು ಕನ್ನಡಿ ತೋರಿಸಿದಳು. ಕನ್ನಡಿಯಲ್ಲಿದ್ದವಳಿಗೆ ಕಣ್ಣುಗಳಿದ್ದವು. ನಿಜ, ಮೊದಲೂ ಇದ್ದವು. ಆದರೆ ಯಾರೋ ದೀಪದ ಚಿಮಣಿ ಒರೆಸಿಟ್ಟ ಹಾಗೆ! "ಚಂದ" ಎಂದರು ಬಾಗಿಲಲ್ಲಿ ನಿಂತ ಯಜಮಾನರು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು.

ಅಂಕೋಲೆಯ ಕಲ್ಯಾಣ ಮಂಟಪದ ಮೆಟ್ಟಿಲಲ್ಲೇ ನಾದಿನಿ ಸಿಕ್ಕಳು. "ವೈನೀ! ಇಷ್ಟು ಡಾರ್ಕಾ?"

ನಾನು ಜನ್ಮದಲ್ಲಿ ಯಾರಿಗೂ ಎದುರುತ್ತರ ಕೊಟ್ಟವಳಲ್ಲ. ಕಾನ್ವೆಂಟಿನಲ್ಲಿ ಕಲಿಸಿದ 'ಸಾರಿ' ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಹೌದು. ನನ್ನಷ್ಟೇ" ಎಂದೆ.

ಫೋಟೊದವನು ಕರೆದಾಗ ನಾದಿನಿಯ ಪಕ್ಕ, ಮುಂದಿನ ಸಾಲಿನಲ್ಲಿ ಹೋಗಿ ನಿಂತೆ. ಸೆರಗನ್ನು ಹೆಗಲ ತುಂಬ ಹರಡಿಕೊಂಡೆ. ಎದುರಿಗೆ ಕುರ್ಚಿಯಲ್ಲಿ ಮಾವಶಿ ಅದೇ ಕಪ್ಪು ರವಿಕೆಯಲ್ಲಿ ಕೂತು ಐಸ್‌ಕ್ರೀಮು ತಿನ್ನುತ್ತಿದ್ದಳು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಯಜಮಾನರು ತಂಗಿಯ ಮನೆಯಲ್ಲೇ ಉಳಿದರು. ಸಂಜೆ ನನ್ನನ್ನು ಕಾರವಾರದ ಬಸ್ಸು ಹತ್ತಿಸಲು ಮಾವಶಿ ಬಂದಳು. ಸೀಟಿನಲ್ಲಿ ಕೂತು ಕಿಟಕಿಯಿಂದ ಕೇಳಿದೆ: "ಇದು ನಿನ್ನ ನಾಲ್ಕನೇ ಸೀರೆ ಅಲ್ವಾ? ಒಂದು ದಿನವೂ ಉಡಲಿಲ್ಲ ಯಾಕೆ?"

"ನನ್ನದಲ್ಲದ್ದು ನಾ ಹ್ಯಾಂಗೆ ಉಡುದು? ನಿನ್ನ ನೋಡೂಕೆ ಗಂಡಿನವ್ರು ಬರೂ ದಿನಕ್ಕೆ ಅಂತ ತಂದಿದ್ದೆ. ಫಾಲ್ಸನ್ನೂ ಹೊಲ್ದಿದ್ದೆ. ಅಕ್ಕ ಬ್ಯಾಡ ಅಂದ್ಲು." ಬಸ್ಸಿನ ತಗಡನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಅಕ್ಕನ ಎದುರಿಗೆ ಒಂದು ಮಾತು ಆಡೂಕೆ ಆ ದಿನ ನನಗೆ ಧೈರ್ಯ ಆಗ್ಲಿಲ್ವೇ, ಮಗಾ. ಅದಕ್ಕೇ ಆಮೇಲೆ ಊರವ್ರ ಎದುರಿಗೆಲ್ಲ ಆಡ್ತಾ ಬಂದೆ."

ಬಸ್ಸು ಹೊರಟಿತು. ಆ ಮೂವತ್ತಾರು ನಮೂನೆಯಲ್ಲಿ ಒಂಬತ್ತನ್ನು ಅವಳು ಇಷ್ಟು ವರ್ಷ ನನಗಾಗಿ ಎತ್ತಿಟ್ಟಿದ್ದಳು. ಲೆಕ್ಕದಲ್ಲಿ ಹಿಂದೆ ಇದ್ದವಳು ನಾನು.

ಶಿರವಾಡದಲ್ಲಿ ಇಳಿದು ಮನೆಯ ದಾರಿ ಹಿಡಿದಾಗ ಇಳಿಬಿಸಿಲು ಇನ್ನೂ ಇತ್ತು. ನಮ್ಮ ಗೋಡೆಗೆ ಒರಗಿ ಹೂಬಳ್ಳಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯಾಕೆ ತಲೆ ಎತ್ತಿದಳು.

"ತಿರುವಿನಲ್ಲಿ ಬರೂವಾಗ್ಲೇ ಕಂಡ್ರಿ ಅಕ್ಕೋರೆ. ಬಾಕಿ ದಿನ ಗೇಟಿನ ಸಪ್ಪಳ ಆದ್ಮೇಲೇ ನೀವು ಬಂದದ್ದು ಗೊತ್ತಾಗುದು. ಹಾಂ, ನಾಳೆ ನಳ ಬರುದಿಲ್ವಂತೆ, ನೀರು ತುಂಬಿಟ್ಕಣಿ."